ಅಗಸಿ ತೆಗೆದ ಕೈ – ಕಂತು ಒಂಬತ್ತು: ಮಡಿಯ ಹೊತ್ತು

“ಫೋನ್ ಎಲ್ಲೈತಿ ಅಂತ ನೀವು ಒಂದ್ ಮಾತು ಕೇಳಲೇ ಇಲ್ಲಲ್ರಿ, ರಾಯರ?”

ಭಾಗೀರಥಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಹೇಳಿದಳು. ಯಂತ್ರವೂ ನಿಲ್ಲಲಿಲ್ಲ. ಹಸಿರು ಕುಪ್ಪಸದ ತೋಳು ಸೂಜಿಯ ಕೆಳಗೆ ಸರಿಯುತ್ತಲೇ ಇತ್ತು.

ಮುನವಳ್ಳಿಯ ಆ ಪುಟ್ಟ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ತ್ರ್ಯಂಬಕರಾಯರು ಕೈಯಲ್ಲಿದ್ದ ಚೀಟಿಯನ್ನು ನಾಲ್ಕನೆಯ ಸಲ ಓದಿದರು. ಬೈಲಹೊಂಗಲದ ನಿಂಗರಾಜನ ಮೊಬೈಲ್ ರಿಪೇರಿ ಅಂಗಡಿಯ ಚೀಟಿ ಅದು. ಗಾಜು ಒಡೆದ ಫೋನು ಒಂದು, ತೆಗೆದುಕೊಂಡದ್ದು ಜೂನ್ ಹದಿಮೂರರ ಸಂಜೆ, ತಿರುಗಿ ಕೊಟ್ಟದ್ದು ಹದಿನೈದಕ್ಕೆ. ಕೆಳಗೆ ಅಂಗಡಿಯ ಠಸ್ಸೆ ಸ್ವಚ್ಛವಾಗಿ ಬಿದ್ದಿತ್ತು.

ಆಟದ ಕೋಟೆಯ ಅಗಸಿಬಾಗಿಲು ತೆರೆದದ್ದು ಜೂನ್ ಹದಿನಾಲ್ಕು, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ.

ಅಂದರೆ ಆ ಹೊತ್ತಿನಲ್ಲಿ ಈ ಹುಡುಗಿಯ ಕೈಯಲ್ಲಿ ಫೋನೇ ಇರಲಿಲ್ಲ. ಏಳು ತಿಂಗಳಿಂದ ‘ಅಗಸಿ ತೆಗೆದಾಕಿ’ ಅನ್ನಿಸಿಕೊಂಡು ತಲೆ ತಗ್ಗಿಸಿ ತಿರುಗುತ್ತಿರುವವಳು ಅಗಸಿಯ ಹತ್ತಿರಕ್ಕೂ ಹೋಗಿರಲಿಲ್ಲ.

“ಈ ಚೀಟಿ ಅವತ್ತ ಯಾಕ ತೋರಿಸ್ಲಿಲ್ಲವಾ?”

ಯಂತ್ರ ನಿಂತಿತು.

“ನಮ್ಮಪ್ಪನ ಫೋನಿಂದ ಮೆಸೇಜ್ ಹಾಕಿದ್ನೆಲ್ರಿ. ಉದ್ದಕ ಬರದಿದ್ದೆ. ನೀವು ತಗದು ನೋಡಿದ್ದಕ್ಕ ನೀಲಿ ಗೀಟೂ ಬಿದ್ದಿತ್ತು. ಆಮ್ಯಾಲ ಐದ್ ನಿಮಿಷಕ್ಕ ಅಪರಾಧಿ ಅಂತ ಬರದ್ರಿ.”

ರಾಯರಿಗೆ ನೆನಪಾಯಿತು. ಗುರುತಿಲ್ಲದ ನಂಬರು, ಉದ್ದನೆಯ ಮೆಸೇಜು, ಸಾಲು ಸಾಲು ತಪ್ಪು. ಯಾರೋ ರೈತರು ಏನೋ ಕಳಿಸಿದ್ದಾರೆ ಎಂದು ತೆಗೆದು ಹಾಗೇ ಮುಚ್ಚಿದ್ದರು. ಮೂವತ್ತು ವರ್ಷ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು, ಒಂದು ಅರ್ಜಿಯ ಒಂದು ಅಕ್ಷರ ಬಿಡದೆ ಓದಿದವರು, ಅದೊಂದನ್ನು ಮಾತ್ರ ಓದಲಿಲ್ಲ. ಅಯ್ಯೋ ಹಣೆಬರಹವೇ!

ಮಲಪ್ರಭಾ ಪಡೆಯೆಂದರೆ ಕಿತ್ತೂರಿನಿಂದ ರಾಮದುರ್ಗದವರೆಗಿನ ಅರವತ್ತೊಂದು ಜನ ಮೊಬೈಲಿನಲ್ಲಿ ಕೂಡಿ ಕೋಟೆ ಕಾಳಗ ಆಡುವ ಸಂಘ. ಆಟವೆಂದು ನಗಬೇಡಿ. ಅಲ್ಲಿ ಹುದ್ದೆಗೆ ಇರುವ ಬಿಗಿ ಯಾವ ಕಚೇರಿಯಲ್ಲೂ ಇಲ್ಲ. ಸೇರಿದವನು ಸಿಪಾಯಿ. ನಲವತ್ತು ಕಾಳಗ ಮುಗಿಸಿದರೆ ನಾಯಕ. ಅಲ್ಲಿಂದ ಜಮಾದಾರನಾಗಲು ಗೆಲುವು ಸಾಲದು, ಮೊದಲೇ ಜಮಾದಾರನಾದ ಒಬ್ಬರು ಜಾಮೀನು ನಿಲ್ಲಬೇಕು. ಜಮಾದಾರನ ಕೈಗೆ ಅಗಸಿ ತೆಗೆಯುವ ಶಿಕ್ಕಾ, ಅಂದರೆ ಮುದ್ರೆ, ಬರುತ್ತದಲ್ಲ, ಅದಕ್ಕೇ ಈ ಕಟ್ಟುಪಾಡು. ಏರಿದವನು ದ್ರೋಹ ಮಾಡಿದರೆ ಜಾಮೀನು ನಿಂತವನೂ ಅದೇ ಕ್ಷಣ ಒಂದು ಮೆಟ್ಟಿಲು ಇಳಿಯಬೇಕು. ಎಲ್ಲರ ಮೇಲೆ ಒಬ್ಬ ಕಿಲ್ಲೇದಾರ.

ಭಾಗೀರಥಿ ಹನ್ನೊಂದೇ ತಿಂಗಳಲ್ಲಿ ಜಮಾದಾರಳಾದವಳು. ಅವಳಿಗೆ ಜಾಮೀನು ನಿಂತವರು ಸವದತ್ತಿಯ ಯಮುನಾಬಾಯಿ, ಎಪ್ಪತ್ತೆರಡರ ಮುದುಕಿ, ಪಗಡೆ ಆಡಿ ಆಡಿ ಎದುರಾಳಿ ಸಿಗದೆ ಮೊಬೈಲಿಗೆ ಬಂದ ಗಟ್ಟಿಗಿತ್ತಿ. ಜೂನ್ ಹದಿನಾಲ್ಕರ ದೊಡ್ಡ ಕಾಳಗದಲ್ಲಿ ಭಾಗೀರಥಿಯ ಶಿಕ್ಕಾದಿಂದ ಅಗಸಿ ತೆರೆಯಿತು, ವೈರಿ ಪಡೆ ನುಗ್ಗಿತು, ಕೋಟೆ ಬಿತ್ತು. “ರಾಯರ, ಹತ್ತು ನಿಮಿಷದಾಗ ಬರದು ಮುಗಿಸ್ರಿ, ಜನ ಕಾಯ್ಲಿಕ್ಕೆ ಹತ್ಯಾರ” ಎಂದು ಕಿಲ್ಲೇದಾರ ಮುಕುಂದರಾಯರು ಕಿತ್ತೂರಿನಿಂದ ಫೋನು ಮಾಡಿದರು. ವಿಚಾರಣೆಗೆ ನಿಂತಿದ್ದ ಜಮಾದಾರ ತ್ರ್ಯಂಬಕರಾಯರು ಹತ್ತೇ ನಿಮಿಷದಲ್ಲಿ ತೀರ್ಪು ಬರೆದು ಮುಗಿಸಿದರು.

“ಹುಬ್ಬಳ್ಳ್ಯಾಗ ರಾಜ್ಯದ ತಂಡದ ಆಯ್ಕೆ ಯಾವತ್ತ ಐತಿ?” ರಾಯರು ಕೇಳಿದರು.

“ಬರೋ ತಿಂಗಳ ಎಂಟಕ್ಕ. ಹೆಸರಿನ ಮುಂದ ಕರಿ ಗುರುತು ಇದ್ದಾಕಿನ್ನ ಬಾಗಲಾ ದಾಟಿಸೂದಿಲ್ರಿ. ಯಾವ ಸಂಘದವರೂ ಹತ್ರ ಸೇರಿಸಾಕ ಒಲ್ಲರು.” ಅವಳು ದಾರ ಕಚ್ಚಿ ಹರಿದಳು. “ಇವತ್ತ ನಾಕಕ್ಕ ಹೊಸ ಕಿಲ್ಲೇದಾರ ಕುಂತ್ರಂದ್ರ ಹಳೇ ಕಡತ ಎಲ್ಲಾ ಬಂದ್. ಆಮ್ಯಾಲ ದೇವರ ಬಂದ್ರೂ ಅಳಸಾಕ ಬರೂದಿಲ್ಲ.”

ಮುಕುಂದರಾಯರ ಜಾಗಕ್ಕೆ ಹೊಸ ಕಿಲ್ಲೇದಾರನಾಗಲಿರುವವನು ಸುಮೇಧ, ರಾಯರ ಒಬ್ಬನೇ ಮಗ. ಅಂಗಿಗೆ ಬೆಳಗ್ಗೆಯೇ ಇಸ್ತ್ರಿ ಹಾಕಿಟ್ಟಿದ್ದ.

“ಸುಮೇಧಣ್ಣಗ ಒಳ್ಳೇದಾಗ್ಲಿ ಅಂತ ಹೇಳ್ರಿ” ಎಂದಳು ಭಾಗೀರಥಿ. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ರಾಯರಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಸವದತ್ತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ರಾಯರು ಹಳೆಯ ಲೆಕ್ಕವನ್ನು ಮತ್ತೆ ಬಿಡಿಸಿದರು.

ಹೊಸ ಜಮಾದಾರನ ಶಿಕ್ಕಾ ಮೊದಲ ನಲವತ್ತೆಂಟು ದಿನ ಎರಡು ಫೋನುಗಳಲ್ಲಿರುತ್ತದೆ. ಒಂದು ಏರಿದವನದು, ಇನ್ನೊಂದು ಜಾಮೀನು ನಿಂತವನದು. ಜೂನ್ ಹದಿನಾಲ್ಕು ನಲವತ್ತೈದನೆಯ ದಿನ. ಹಾಗಾದರೆ ಅಗಸಿ ತೆಗೆಯಬಹುದಾದ ಫೋನುಗಳು ಎರಡೇ. ಭಾಗೀರಥಿಯದು ನಿಂಗರಾಜನ ಅಂಗಡಿಯಲ್ಲಿ ಗಾಜು ಬಿಚ್ಚಿಕೊಂಡು ಬಿದ್ದಿತ್ತು. ಉಳಿದದ್ದು ಯಮುನಾಬಾಯಿಯವರದು.

ಆ ಫೋನನ್ನು ರಾಯರು ಅಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದರು. ‘ಸದರಿ ವೇಳೆಯಲ್ಲಿ ಯಮುನಾಬಾಯಿಯವರು ಮಡಿಯಲ್ಲಿರುವುದರಿಂದ ಫೋನು ಮುಟ್ಟುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.’ ಅದು ಸುಳ್ಳೇನೂ ಅಲ್ಲ. ಆರಕ್ಕೆ ಸ್ನಾನ ಮಾಡಿ ಮಡಿ ಸೀರೆ ಉಟ್ಟರೆ ಎಂಟೂವರೆಗೆ ನೈವೇದ್ಯ ಆಗುವವರೆಗೆ ಅವರು ಫೋನು ಮುಟ್ಟುವುದಿರಲಿ, ಮಾತೂ ಆಡುವುದಿಲ್ಲ. ರಾಯರ ತಾಯಿಯೂ ಹಾಗೇ ಇದ್ದರು.

ಮಡಿಯಲ್ಲಿದ್ದವರು ಯಮುನಾಬಾಯಿ. ಫೋನಿಗೆಲ್ಲಿಯ ಮಡಿ?

ರಾಯರು ತಮ್ಮ ಹಣೆಯನ್ನು ತಾವೇ ಬಡಿದುಕೊಂಡರು. ಪಕ್ಕದಲ್ಲಿದ್ದ ಹೆಣ್ಣುಮಗಳು ಬುಟ್ಟಿ ಎತ್ತಿಕೊಂಡು ಆಚೆ ಸರಿದಳು. ಬೇರೆ ಯಾರಾದರೂ ವಿಚಾರಣೆಗೆ ನಿಂತಿದ್ದರೆ ಮುದುಕಿಯ ಫೋನು ಎಲ್ಲಿತ್ತು ಎಂದು ಮೊದಲು ಕೇಳುತ್ತಿದ್ದರು. ಮಡಿಯ ಮನೆಯಲ್ಲಿ ಹುಟ್ಟಿ ಬೆಳೆದ ಇವರು ಮಡಿ ಎಂಬ ಶಬ್ದ ಕೇಳಿದ್ದೇ ಕೈ ಮುಗಿದು ಅಲ್ಲಿಗೇ ನಿಂತುಬಿಟ್ಟಿದ್ದರು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ರಾಯರು ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ಯಮುನಾಬಾಯಿ ಪಡಸಾಲೆಯಲ್ಲಿ ಮಣೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದರು. ಹೊಸೆಯಲು ಸವರಿಕೊಂಡ ವಿಭೂತಿಯಿಂದ ಎರಡೂ ಕೈ ಬೆಳ್ಳಗಾಗಿದ್ದವು. ಗಡಿಯಾರ ಮೂರು ದಾಟಿತ್ತು.

“ಬಾರೋ ತ್ರ್ಯಂಬಕ. ನಾಕಕ್ಕ ಮಗನ ಪಟ್ಟ, ನೀ ನೋಡಿದ್ರ ಬಿಸಲಾಗ ತಿರಗ್ಲಿಕ್ಕೆ ಹತ್ತಿ. ಮಜ್ಜಿಗಿ ಕುಡೀತಿ?”

“ಬ್ಯಾಡ ಮೌಶಿ. ನಿಮ್ಮ ಫೋನ್ ಎಲ್ಲದ?”

“ಅಲ್ಲೇ ಅದಲ್ಲ, ಮಾಡದಾಗ.”

ಬಾಗಿಲ ಪಕ್ಕದ ಗೋಡೆಯ ಮಾಡದಲ್ಲಿ ಪಂಚಾಂಗದ ಮೇಲೆ ಫೋನು ಇತ್ತು. ಅಂಗಳದಿಂದ ಎರಡು ಹೆಜ್ಜೆ. ನಿಂತವರು ಕೈ ಚಾಚಿದರೆ ಸಿಗುವಂತಿತ್ತು.

“ಮಡಿಯೊಳಗ ಇದ್ದಾಗೂ ಇಲ್ಲೇ ಇರತದೇನು?”

“ಮತ್ತ? ಅದನ್ನ ದೇವರ ಮನ್ಯಾಗ ಇಡ್ಲೇನು?”

“ಕೀಲಿ?”

“ಕೀಲಿ ಹಾಕಿದ್ರ ನನಗ ನೆನಪ ಇರೂದಿಲ್ಲೋ ಮಾರಾಯಾ.”

ರಾಯರು ದೇವರ ಮನೆಯತ್ತ ನೋಡಿದರು. ಅದರ ಸಣ್ಣ ಕಿಟಕಿ ನೇರವಾಗಿ ಪಡಸಾಲೆಗೆ ತೆರೆದಿತ್ತು. ಪೂಜೆಗೆ ಕುಳಿತವರು ಕತ್ತು ಹೊರಳಿಸಿದರೆ ಮಾಡ ಕಾಣುತ್ತಿತ್ತು.

“ಮೌಶಿ, ಬೆಳಗ್ಗೆ ಏಳರ ಸುಮಾರಿಗೆ ಇಲ್ಲಿ ಯಾರು ಬರತಾರ?”

ಮೌಶಿಯ ಕೈ ನಿಂತಿತು. ಅರ್ಧ ಹೊಸೆದ ಬತ್ತಿ ತೊಡೆಯ ಮೇಲೆ ಉಳಿಯಿತು.

“ಕೇಳಬ್ಯಾಡ, ತ್ರ್ಯಂಬಕ.”

“ಕೇಳಲೇ ಬೇಕು. ಅವತ್ತ ಕೇಳಲಾರದ್ದಕ್ಕ ಒಂದ್ ಹುಡುಗಿ ಏಳ್ ತಿಂಗಳು ಅತ್ತಾಳ.”

“ಮನಿಗೆ ಹೂವು ಯಾರು ಕಳಸ್ತಾರ, ಹೇಳು?”

ಹನ್ನೆರಡು ವರ್ಷಗಳಿಂದ ದಿನಾ ನಸುಕಿಗೆ ತಮ್ಮ ಹಿತ್ತಲಿನ ದಾಸವಾಳ, ತುಳಸಿಯನ್ನು ತಾವೇ ಬಿಡಿಸಿ ಬುಟ್ಟಿಗೆ ಹಾಕಿ ಕಳಿಸುವವರು ರಾಯರೇ. ಒಯ್ಯುವವನು ಸುಮೇಧ. ಒಯ್ದು ಕಟ್ಟೆಯ ಮೇಲೆ ಇಟ್ಟು, ಕೋರ್ಟಿನ ಎದುರಿನ ತನ್ನ ಝೆರಾಕ್ಸ್ ಅಂಗಡಿಗೆ ಹೋಗುತ್ತಿದ್ದ.

“ನೀವು ನೋಡೀರಿ?”

“ನೋಡೀನಿ. ಬುಟ್ಟಿ ಇಟ್ಟಾ. ಫೋನ್ ತಗೊಂಡಾ. ಏನೋ ಒತ್ತಿದಾ, ಇಟ್ಟು ಹೋದಾ. ಟೈಮ್ ನೋಡಿರಬೇಕು ಅಂದ್ಕೊಂಡೆ. ಮಧ್ಯಾಹ್ನ ಸುದ್ದಿ ಬಂದಾಗ ತಿಳೀತು.”

“ಮತ್ತ ಬಾಯಿ ಬಿಡಲಿಲ್ಲ?”

“ನೀ ಕೇಳಿದ್ರ ಸುಳ್ಳು ಹೇಳ್ತಿದ್ದಿಲ್ಲ ನಾ. ನೀ ಬಂದಿ, ‘ಮೌಶಿ ಮಡಿಯೊಳಗಿದ್ದಿರಿ ಹೌದಿಲ್ಲೋ’ ಅಂದಿ. ಹೌದು ಅಂದೆ. ಬರಕೊಂಡು ಹೋದಿ. ಮುಂದ ಒಂದ್ ಶಬ್ದ ಕೇಳಿಲ್ಲ.” ಮೌಶಿ ತೊಡೆಯ ಮೇಲಿನ ಬತ್ತಿಯನ್ನು ಸರಿಸಿದರು. “ತಾಯಿ ಸತ್ತ ಕೂಸನ್ನ ಈ ತೊಡಿಮ್ಯಾಲೆ ಮಲಗಿಸೀನೋ. ಹೆಂಗ ಹೇಳ್ಲಿ? ನಾನೂ ಒಂದ್ ಮೆಟ್ಟಲು ಇಳದೆ. ಅದೇ ನನಗ ಶಿಕ್ಷಾ ಅಂದ್ಕೊಂಡು ಕೂತೆ. ಆ ಹುಡುಗಿ ಪಾಪ ನನ್ನ ತಲೀಮ್ಯಾಲದ, ಗೊತ್ತದ.”

ರಾಯರು ಕಂಬಕ್ಕೆ ಒರಗಿ ಕುಳಿತುಬಿಟ್ಟರು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಸುಮೇಧ ತೊಂಬತ್ತು ಕಾಳಗ ಮುಗಿಸಿಯೂ ನಾಯಕನಾಗಿಯೇ ಕೊಳೆಯುತ್ತಿದ್ದ. ಖಾಲಿ ಇದ್ದದ್ದು ಒಂದೇ ಜಮಾದಾರಿಕೆ. “ಅಪ್ಪಾ, ನೀವ ಜಾಮೀನು ನಿಲ್ರಿ” ಎಂದು ಬೇಡಿಕೊಂಡಿದ್ದ. ಅಪ್ಪ ಮಗನಿಗೆ ಜಾಮೀನು ನಿಂತರೆ ಜನ ಏನೆಂದಾರು ಎಂದು ಇವರು ಆಗಲ್ಲವೆಂದರು. ಆ ಜಾಗ ಭಾಗೀರಥಿಗೆ ಹೋಯಿತು. ಅವಳು ಬಿದ್ದ ಮೇಲೆ ಮಗನ ಮೋರೆ ನೋಡಲಾರದೆ ಇವರೇ ಜಾಮೀನು ನಿಂತರು. ಮನೆ ದೀಪ ಅಂತ ಮುತ್ತಿಟ್ಟರೆ ಮೀಸೆ ಸುಡದೇ ಇದ್ದೀತೇ? ಮೊದಲು ಬಿಗಿ ಮಾಡಿ ಕೆಡಿಸಿದರು, ಆಮೇಲೆ ಸಡಿಲು ಬಿಟ್ಟು ಕೆಡಿಸಿದರು.

“ಈಗ ಏನ್ ಮಾಡ್ತಿ?”

“ಬರೀತೀನಿ. ಅಗಸಿ ತಗದಾಂವ ಸುಮೇಧ, ಭಾಗೀರಥಿ ನಿರಪರಾಧಿ ಅಂತ.”

ಫೋನು ತೆಗೆದರು. ಎರಡು ಸಾಲು ಬರೆದರು. ಮೂರನೆಯದಕ್ಕೆ ಬೆರಳು ನಿಂತಿತು.

ತೀರ್ಪು ಬರೆಯುವ ಹಕ್ಕು ಇರುವುದು ಜಮಾದಾರನಿಗೆ. ಸುಮೇಧನ ಹೆಸರು ಬರೆದ ಕ್ಷಣವೇ ಅವನಿಗೆ ಜಾಮೀನು ನಿಂತ ತ್ರ್ಯಂಬಕರಾಯರು ನಾಯಕನ ಹುದ್ದೆಗೆ ಇಳಿಯುತ್ತಾರೆ. ನಾಯಕ ಬರೆದ ತೀರ್ಪಿಗೆ ಕಿಮ್ಮತ್ತಿಲ್ಲ. ಸುಮೇಧನ ಹೆಸರು ಬಿಟ್ಟು ಭಾಗೀರಥಿಯದನ್ನಷ್ಟೇ ತೊಳೆಯೋಣವೆಂದರೆ, ಇನ್ನೊಬ್ಬರ ಹೆಸರು ಬರೆಯದೆ ಕರಿ ಗುರುತು ಅಳಿಸುವಂತಿಲ್ಲ. ಆ ಕಟ್ಟಳೆಯನ್ನು ಬರೆದುಕೊಟ್ಟವರೂ ಇವರೇ. ಶಿರಸ್ತೇದಾರರು ನೋಡಿ, ಎಲ್ಲೂ ತೂತು ಬಿಟ್ಟಿರಲಿಲ್ಲ.

ಉಳಿದ ದಾರಿ ಒಂದೇ. ತಪ್ಪೊಪ್ಪಿಗೆಗೆ ಹುದ್ದೆಯ ಹಂಗಿಲ್ಲ. ಮಾಡಿದವನು ತಾನಾಗಿ ಒಪ್ಪಿಕೊಂಡರೆ ಸಿಪಾಯಿಯ ಮಾತೂ ನಡೆಯುತ್ತದೆ.

ಮೂರೂ ನಲವತ್ತಕ್ಕೆ ಮಗನಿಗೆ ಫೋನು ಮಾಡಿದರು.

“ಎಲ್ಲಿದ್ದೀರಿ ಅಪ್ಪಾ? ನಾಕಕ್ಕ ಹೆಸರು ಕೂಗೂದು ನೀವ. ನೆನಪದ ಇಲ್ಲೋ?”

“ಮೌಶಿ ಮನ್ಯಾಗ ಇದ್ದೀನಿ. ಮಾಡದ ಮುಂದ.”

ಆ ಕಡೆ ಝೆರಾಕ್ಸ್ ಯಂತ್ರದ ಸದ್ದು ಮಾತ್ರ ಕೇಳಿಸಿತು.

“ಭಾಗೀರಥಿ ಫೋನ್ ಅವತ್ತ ರಿಪೇರಿಗೆ ಹೋಗಿತ್ತೋ. ಚೀಟಿ ನನ್ನ ಕೈಯಾಗದ. ಮೌಶಿ ನಿನ್ನ ನೋಡ್ಯಾರ.”

“ಅಪ್ಪಾ...”

“ಸಿಟ್ಟು ಮಾಡೂದಿಲ್ಲ. ತಪ್ಪು ನಂದೂ ಅದ. ಒಂದ್ ಸಾಲು ಬರದು ಹಾಕು, ಸುಮೇಧ. ಆ ಹುಡುಗಿ ಬಾಳ್ವೆ ಅದ. ನೀ ಮಾಡಿದ್ದು ನೀನ ಬರಿ. ನಾ ನಿನ್ನ ಬಾಜು ನಿಲ್ತೀನಿ.”

ಝೆರಾಕ್ಸ್ ಯಂತ್ರ ನಿಂತಿತು. ಆಮೇಲೆ ಸಣ್ಣ ದನಿ ಬಂತು. “ಹತ್ತು ನಿಮಿಷ ಕೊಡ್ರಿ ಅಪ್ಪಾ.”

ರಾಯರ ಕಣ್ಣು ಒದ್ದೆಯಾದವು. ಹತ್ತು ನಿಮಿಷದಲ್ಲಿ ತಾವು ಕೆಡಿಸಿದ್ದನ್ನು ಮಗ ಹತ್ತು ನಿಮಿಷದಲ್ಲಿ ಸರಿಮಾಡಲಿ, ಅದಕ್ಕಿಂತ ಏನು ಬೇಕು? ಹುದ್ದೆ ಹೋಗಲಿ, ಜನ ನಗಲಿ, ಹುಡುಗ ಉಳಿದುಕೊಂಡ ಎಂದುಕೊಂಡರು. ಮೌಶಿ ಮತ್ತೆ ಬತ್ತಿ ಹೊಸೆಯತೊಡಗಿದರು.

ಮೂರೂ ಐವತ್ತೊಂದಕ್ಕೆ ಫೋನು ಟಿಣ್ ಎಂದಿತು. ಪಡೆಯ ಫಲಕದ ಮೇಲೆ ತಪ್ಪೊಪ್ಪಿಗೆ ಬಿದ್ದಿತ್ತು.

‘ಜೂನ್ ಹದಿನಾಲ್ಕರಂದು ಅಗಸಿ ತೆಗೆದದ್ದು ನಾನೇ. ವಯಸ್ಸಾಯಿತು, ತಿಳಿಯದೆ ಒತ್ತಿದೆ. ಭಾಗೀರಥಿಯದು ತಪ್ಪಿಲ್ಲ. – ಯಮುನಾಬಾಯಿ.’

ರಾಯರು ತಲೆ ಎತ್ತಿ ನೋಡಿದರು. ಮೌಶಿಯ ಫೋನು ಮಾಡದಲ್ಲಿ ಪಂಚಾಂಗದ ಮೇಲೆ ಹಾಗೇ ಇತ್ತು. ಮೌಶಿಯ ಎರಡೂ ಕೈ ವಿಭೂತಿಯಲ್ಲಿದ್ದವು.

ದೀಪಾವಳಿಗೆ ಮೌಶಿಗೆ ಹೊಸ ಫೋನು ತಂದಾಗ ಹಳೆಯದನ್ನು ರಿಪೇರಿ ಮಾಡಿಸುತ್ತೇನೆಂದು ಅಂಗಡಿಗೆ ಒಯ್ದವನು ಸುಮೇಧ. ಅದು ತಿರುಗಿ ಬಂದಿರಲಿಲ್ಲ. ಮೌಶಿಯ ಹೆಸರಿನ ಆಟದ ಖಾತೆ ಅದರೊಳಗೇ ಇತ್ತು, ಈ ತಪ್ಪೊಪ್ಪಿಗೆ ಬಂದದ್ದೂ ಅಲ್ಲಿಂದಲೇ.

ಒಮ್ಮೆ ಮಾಡಿದ್ದನ್ನು ಆತುರ ಎನ್ನಬಹುದಿತ್ತು. ಈಗ ಮಾಡಿದ್ದಕ್ಕೆ ಏನೆನ್ನಬೇಕು? ತನ್ನನ್ನು ತೊಡೆಯ ಮೇಲೆ ಬೆಳೆಸಿದವಳ ಹೆಸರಿಗೇ ಮಸಿ ಬಳಿದಿದ್ದ.

ಒಂದು ನಿಮಿಷವೂ ಆಗಿರಲಿಲ್ಲ, ಮುಕುಂದರಾಯರ ಒಪ್ಪಿಗೆ ಬಿತ್ತು. ಭಾಗೀರಥಿಯ ಹೆಸರಿನ ಮುಂದಿನ ಕರಿ ಗುರುತು ಅಳಿಸಿತು. ಯಮುನಾಬಾಯಿಯ ಹೆಸರಿನ ಮುಂದೆ ಮೂಡಿತು. ಹಿಂದೆಯೇ ಮಗನ ಮೆಸೇಜು ಬಂತು. ‘ಆಕಿದೂ ಸರಿ ಹೋತು. ನಿಮ್ಮ ಹುದ್ದೆನೂ ಉಳೀತು. ಹೆಸರು ಕೂಗ್ರಿ ಅಪ್ಪಾ.’

“ಏನ್ ಬಂತೋ?” ಎಂದರು ಮೌಶಿ.

ರಾಯರು ಓದಿ ಹೇಳಿದರು.

ಮೌಶಿ ಬತ್ತಿಯನ್ನು ತಟ್ಟೆಯಲ್ಲಿಟ್ಟರು. “ಹುಡುಗಿದು ಗುರುತು ಹೋತಿಲ್ಲೋ?”

“ಹೋತು.”

“ಹಂಗಾದ್ರ ಸುಮ್ಮನಿರು. ನನಗ ಎಪ್ಪತ್ತೆರಡು. ಕರಿ ಗುರುತು ಇಟ್ಕೊಂಡು ನಾ ಎಲ್ಲಿ ಹೋಗೂದದ? ಆಕಿ ಹುಬ್ಬಳ್ಳಿಗೆ ಹೋಗ್ಲಿ.”

“ಇದು ಸುಳ್ಳು, ಮೌಶಿ.”

“ಸುಳ್ಳ ಅಂದ್ರ ಗುರುತು ತಿರುಗಿ ಆಕಿ ಹೆಸರಿಗೇ ಬರತದ. ಯೋಚನಾ ಮಾಡು.”

ರಾಯರು ಯೋಚಿಸಿದರು. ಸುಮ್ಮನಿದ್ದರೆ ಭಾಗೀರಥಿ ಉಳಿಯುತ್ತಾಳೆ, ಮಗ ಏರುತ್ತಾನೆ, ತಮ್ಮ ಮರ್ಯಾದೆಯೂ ಉಳಿಯುತ್ತದೆ. ಬೀಳುವವರು ಬಾಯಿ ಬಿಡದೆ ಬೀಳಲು ಸಿದ್ಧರಿದ್ದಾರೆ. ಎಷ್ಟು ಸಲೀಸು! ಜೂನಿನಲ್ಲೂ ಹೀಗೇ ಸಲೀಸಾಗಿತ್ತು.

ನಾಲ್ಕು ಹೊಡೆಯಿತು. ಅರವತ್ತು ಜನ ಫೋನಿನೊಳಗೇ ಪಡೆಯ ಮಾತಿನ ಕೋಣೆಯಲ್ಲಿ ಕೂಡಿದ್ದರು. ಪದ್ಧತಿಯಂತೆ ಜಾಮೀನುದಾರ ಮೂರು ಸಲ ಹೆಸರು ಕೂಗಬೇಕು. ಕೂಗದಿದ್ದರೆ ಪಟ್ಟವಿಲ್ಲ. ಕಿತ್ತೂರಿನಿಂದ ಮುಕುಂದರಾಯರ ದನಿ ಬಂತು.

“ತ್ರ್ಯಂಬಕರಾವ್, ಕೂಗ್ರಿ.”

ರಾಯರು ಎದ್ದು ನಿಂತರು. ಎದುರಿಗೆ ಯಾರೂ ಇಲ್ಲದಿದ್ದರೂ ಕೋರ್ಟಿನಲ್ಲಿ ನಿಂತಂತೆ ನೆಟ್ಟಗೆ ನಿಂತರು.

“ಕೂಗೂಕಿಂತ ಮೊದಲ ಒಂದ್ ಮಾತು ಹೇಳೂದದ. ಯಮುನಾಬಾಯಿಯವರ ಹೆಸರಲೆ ಬಂದ ಒಪ್ಪಿಗಿ ಅವರು ಬರದದ್ದಲ್ಲ. ಅವರು ನನ್ನ ಕಣ್ಮುಂದ ಇದ್ದಾರ. ಭಾಗೀರಥಿದೂ ತಪ್ಪಿಲ್ಲ, ಆಕಿ ಚೀಟಿ ನನ್ನ ಕೈಯಾಗದ. ಜೂನ್ ಹದಿನಾಲ್ಕಕ್ಕ ಅಗಸಿ ತಗದ ಕೈ...”

ಫೋನಿನ ಪರದೆಯ ಮೇಲೆ ಕೆಂಪು ಗೀಟು ಬಿತ್ತು. ಅವರ ದನಿ ಬಂದ್ ಆಗಿತ್ತು.

“ಹಲೋ? ಮುಕುಂದರಾವ್? ಕೇಳಸ್ತದೇನು?”

ಯಾರಿಗೂ ಕೇಳಿಸುತ್ತಿರಲಿಲ್ಲ. ಕೈ ತಾಗಿ ಬಂದ್ ಆಗಿರಬೇಕೆಂದು ಒತ್ತಿದರು, ಮತ್ತೆ ಒತ್ತಿದರು. ಗೀಟು ಹೋಗಲಿಲ್ಲ. ಆಗ ರಾಯರಿಗೆ ಹೊಳೆಯಿತು. ಒಬ್ಬ ಜಮಾದಾರನ ಬಾಯಿ ಮುಚ್ಚಿಸುವ ಅಧಿಕಾರ ಇಡೀ ಪಡೆಯಲ್ಲಿ ಕಿಲ್ಲೇದಾರರಿಗೆ ಮಾತ್ರ ಇತ್ತು. ಜೂನಿನಲ್ಲಿ ಹತ್ತೇ ನಿಮಿಷದಲ್ಲಿ ಬರೆದು ಮುಗಿಸಿರೆಂದವರೂ, ಇಂದು ಒಂದು ನಿಮಿಷದೊಳಗೆ ಒಪ್ಪಿಗೆ ಹಾಕಿದವರೂ ಅವರೇ.

“ಯಾಕೋ ಸುಮ್ಮನಾದಿ?” ಮೌಶಿ ಕೇಳಿದರು.

ಫೋನಿನಿಂದ ಕಿಲ್ಲೇದಾರ ಮುಕುಂದರಾಯರ ದನಿ ಶಾಂತವಾಗಿ ಕೇಳಿಬಂತು.

“ರಾಯರ ಲೈನ್ ಕಡೀತು ಕಾಣಸ್ತದ. ಹೊತ್ತು ಮೀರ್ಲಿಕ್ಕೆ ಹತ್ತದ. ಅವರ ಪರವಾಗಿ ಹೆಸರು ನಾನ ಕೂಗ್ತೀನಿ.”